ಕರ್ತನ ಬರೋಣ ಹತ್ತಿರವೆಂದು ಹೊಲ ಮಾರಬೇಕೆ?

ಪ್ರಶ್ನೆ: ನಾವು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನವರು, ತಲೆಮಾರುಗಳಿಂದ ಮೆಥೋಡಿಸ್ಟ್ ಸಭೆಗೆ ಸೇರಿದ ಒಕ್ಕಲು ಮನೆತನ. ನನ್ನ ತಮ್ಮ ಕೆಲವು ಕಾಲದಿಂದ ಮೊಬೈಲಿನಲ್ಲಿ ಅಂತ್ಯಕಾಲದ ಪ್ರಸಂಗಗಳನ್ನು ಕೇಳುತ್ತಾ, ಕರ್ತನ ಎರಡನೇ ಬರೋಣ ಇನ್ನೆರಡು ಮೂರು ವರ್ಷಗಳೊಳಗೆ ಖಚಿತವೆಂದು ನಂಬಿದ್ದಾನೆ. ತನ್ನ ಪಾಲಿನ ಜಮೀನು ಮಾರಿ ಹಣವನ್ನು ಆ ಪ್ರಸಂಗಿಗಳ ಸೇವೆಗೆ ಕೊಡುತ್ತೇನೆ, ಮಗಳ ನರ್ಸಿಂಗ್ ಓದಿಗೆ ಇನ್ನು ಶುಲ್ಕ ಕಟ್ಟುವುದರಲ್ಲಿ ಅರ್ಥವಿಲ್ಲ, ಆಧಾರ್ ಎಂಬುದೇ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯು ಹೇಳುವ ಮೃಗದ ಗುರುತು ಎನ್ನುತ್ತಾನೆ. ಅವನ ಕಿರಿಯ ಮಗ, ಮನೆಯವರೆಲ್ಲ ಪರಲೋಕಕ್ಕೆ ಎತ್ತಲ್ಪಟ್ಟು ತಾನೊಬ್ಬನೇ ಉಳಿದುಬಿಟ್ಟೆನೆಂದು ರಾತ್ರಿ ಎದ್ದು ಅಳುತ್ತಾನೆ. ನಮ್ಮ ತಾಯಿಯ ಜೀವನವೆಲ್ಲ ಆ ಹೊಲದ ಬೆಳೆಯ ಮೇಲೆಯೇ ನಿಂತಿದೆ. ಇದು ನಿಜವಾಗಿಯೂ ಕಡೆಯ ಕಾಲವೇ? ಸಭೆಗಳು ಈ ವಿಷಯದಲ್ಲಿ ಏನು ಬೋಧಿಸುತ್ತವೆ? ನಾವು ನಂಬಿಗಸ್ತರಾಗಿ ಬದುಕುವುದು ಹೇಗೆ?

ಉತ್ತರ: ಜಮೀನು ಮಾರಬಾರದು, ಹುಡುಗಿಯ ಶುಲ್ಕ ಕಟ್ಟಬೇಕು, ಮುಂಗಾರು ಬಂದಾಗ ತೊಗರಿ ಬಿತ್ತಬೇಕು ಎಂಬ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಲೋಕದ ಜಾಣತನದಿಂದ ಹೇಳುವ ಮಾತಲ್ಲ. ನಿಮ್ಮ ತಮ್ಮನವರು ಕೈಯಲ್ಲಿ ಹಿಡಿದಿರುವ ಸತ್ಯವೇದವೇ, ಅದರಲ್ಲಿಯೂ ಕರ್ತನ ಬರೋಣವನ್ನು ಕುರಿತು ಅತಿ ಸ್ಪಷ್ಟವಾಗಿ ಹೇಳುವ ಅಧ್ಯಾಯಗಳೇ ಈ ಮಾತನ್ನು ಹೇಳಿಸುತ್ತವೆ. ಅವರ ನಿರೀಕ್ಷೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಕ್ರಿಸ್ತನು ಮಹಿಮೆಯಲ್ಲಿ ಮತ್ತೆ ಬರುವನು, ಸತ್ತವರು ಏಳುವರು, ಅನ್ಯಾಯಕ್ಕೆ ತೀರ್ಪಾಗುವುದು ಎಂಬ ನಂಬಿಕೆಯನ್ನು ಬಿಟ್ಟರೆ ಕ್ರೈಸ್ತಧರ್ಮದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅವರ ತಪ್ಪಿರುವುದು ಕಾಯುವುದರಲ್ಲಿ ಅಲ್ಲ, ಕಾಯುವ ಬಗೆಯಲ್ಲಿ.

ಇದು ಕಡೆಯ ಕಾಲವೇ ಎಂದರೆ, ಹೌದು, ಆದರೆ ಆ ಪ್ರಸಂಗಿಗಳು ಹೇಳುವ ಅರ್ಥದಲ್ಲಿ ಅಲ್ಲ. ಪಂಚಾಶತ್ತಮ ದಿನದಂದು ಯೆರೂಸಲೇಮಿನಲ್ಲಿ ಎದ್ದುನಿಂತ ಪೇತ್ರನು, ಕಡೆಯ ದಿನಗಳ ಬಗ್ಗೆ ಯೋವೇಲನು ನುಡಿದದ್ದು ಆಗಲೇ, ತನ್ನ ಕಣ್ಣೆದುರಿಗೇ ನೆರವೇರುತ್ತಿದೆ ಎಂದು ಸಾರಿದನು. ಇಬ್ರಿಯರಿಗೆ ಬರೆದ ಪತ್ರಿಕೆಯ ಆರಂಭವೂ ದೇವರು ಈ ಕಡೆಯ ದಿನಗಳಲ್ಲಿ ಮಗನ ಮುಖಾಂತರ ಮಾತನಾಡಿದನೆಂದು ಹೇಳುತ್ತದೆ. ಅಂದರೆ ಯೇಸುವಿನ ಮರಣ, ಪುನರುತ್ಥಾನ ಮತ್ತು ಪವಿತ್ರಾತ್ಮನ ಇಳಿದುಬರುವಿಕೆಯಿಂದ ಮೊದಲ್ಗೊಂಡು ಆತನ ಬರೋಣದವರೆಗಿನ ಕಾಲವೆಲ್ಲವೂ ಹೊಸ ಒಡಂಬಡಿಕೆಯ ದೃಷ್ಟಿಯಲ್ಲಿ ಕಡೆಯ ಕಾಲವೇ. ಸುಮಾರು ಎರಡು ಸಾವಿರ ವರ್ಷಗಳಿಂದ ಸಭೆಯು ಈ ಕಾಲದಲ್ಲಿ ಬದುಕುತ್ತಾ, ಹೊಲ ಬಿತ್ತುತ್ತಾ, ಮಕ್ಕಳನ್ನು ಬೆಳೆಸುತ್ತಾ, ರೋಗಿಗಳನ್ನು ನೋಡಿಕೊಳ್ಳುತ್ತಾ ಬಂದಿದೆ. ಈ ಕಾಲದ ಕೊನೆಯ ದಿನ ಯಾವುದೆಂಬ ಪ್ರಶ್ನೆಗಾದರೋ ಉತ್ತರವಿಲ್ಲ. ಆ ದಿನವಾಗಲಿ ಆ ಗಳಿಗೆಯಾಗಲಿ ದೇವದೂತರಿಗೂ ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎಂದು ಮಾರ್ಕನ 13ನೆಯ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ಪರಲೋಕಕ್ಕೆ ಏರಿಹೋಗುವ ಮುನ್ನ ಶಿಷ್ಯರು ಮತ್ತೊಮ್ಮೆ ಕಾಲವನ್ನು ಕೇಳಿದಾಗ, ಅದನ್ನು ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಹೇಳಿ, ಸಾಕ್ಷಿಗಳಾಗಿರಿ ಎಂದು ಕಳುಹಿಸಿದನು. ಪ್ರಸಂಗಿಯೊಬ್ಬನು ದಿನ ಗೊತ್ತಿಲ್ಲದಿದ್ದರೂ ವರ್ಷ ಗೊತ್ತಿದೆ ಎಂದರೆ, ಅವನು ಈ ನಿಷೇಧದ ಅಕ್ಷರವನ್ನು ಉಳಿಸಿ ಅದರ ಅರ್ಥವನ್ನು ಮೀರುತ್ತಿದ್ದಾನೆ.

ಸೂಚನೆಗಳ ವಿಷಯ ನಮ್ಮ ಭಾಗದವರನ್ನು ಹೆಚ್ಚು ತಟ್ಟುತ್ತದೆ ಎಂಬುದನ್ನು ಬಲ್ಲೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದ ಆಸುಪಾಸಿನ ಜನರನ್ನು ಬಲಿ ತೆಗೆದುಕೊಂಡಾಗ ಬೀದರ್ ಮತ್ತು ಕಲಬುರಗಿಯ ಮನೆಗಳೂ ನಡುಗಿದ್ದವು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿದಾಗ ಜನರು ರಾತ್ರಿಗಳನ್ನು ಮನೆಯ ಹೊರಗೆ ಕಳೆದರು. ಅದಕ್ಕೆ ಮುಂಚಿನ ವರ್ಷ, 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದಾದ ದೇಶದ ಮೊದಲ ಸಾವು ಕಲಬುರಗಿಯಲ್ಲಿಯೇ ದಾಖಲಾಯಿತು. ಮತ್ತಾಯನ 24ನೆಯ ಅಧ್ಯಾಯವನ್ನು ಬಾಯಿಪಾಠವಾಗಿ ಬಲ್ಲ ವಿಶ್ವಾಸಿಗೆ ಇವು ಬರಿಯ ಸುದ್ದಿಯಾಗಿ ಕಾಣುವುದಿಲ್ಲ, ಕಾಣಲೂ ಬಾರದು. ಆದರೆ ಅದೇ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಯುದ್ಧಗಳನ್ನೂ ಬರಗಳನ್ನೂ ಭೂಕಂಪಗಳನ್ನೂ ಹೆಸರಿಸಿದ ಯೇಸು ಅವುಗಳ ಜೊತೆಗೇ ಕಳವಳಪಡಬೇಡಿರಿ, ಇದು ಇನ್ನೂ ಅಂತ್ಯವಲ್ಲ, ಇವೆಲ್ಲ ಪ್ರಸವವೇದನೆಯ ಪ್ರಾರಂಭ ಎಂದು ಹೇಳುತ್ತಾನೆ. ಸೂಚನೆಗಳ ಪಟ್ಟಿ ಶುರುವಾಗುವುದಕ್ಕೂ ಮೊದಲು ಆತನು ಕೊಡುವ ಎಚ್ಚರಿಕೆ, ಯಾರೂ ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿರಿ ಎಂಬುದು. ಸಾಮಾನ್ಯವಾಗಿ ಈ ಪಟ್ಟಿಯನ್ನು ಓದುವವರು ಎರಡು ತುದಿಗಳಲ್ಲಿರುವ ಈ ಮಾತುಗಳನ್ನು ಬಿಟ್ಟು ನಡುವಿನ ಭೂಕಂಪಗಳನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಸೂಚನೆಗಳು ಕ್ಯಾಲೆಂಡರಿನ ಲೆಕ್ಕಕ್ಕಾಗಿ ಕೊಟ್ಟವುಗಳಲ್ಲ. ಲೋಕವು ತನ್ನಷ್ಟಕ್ಕೆ ತಾನು ಭದ್ರವಲ್ಲ ಎಂಬುದನ್ನು ಪ್ರತಿ ತಲೆಮಾರಿಗೂ ನೆನಪಿಸುವುದಕ್ಕಾಗಿ ಕೊಟ್ಟವುಗಳು.

ನಿಮ್ಮದು ಮೆಥೋಡಿಸ್ಟ್ ಮನೆತನವೆಂದು ಬರೆದಿದ್ದೀರಿ. ಹಾಗಾದರೆ ನಿಮ್ಮ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯ ಜೀವನದಲ್ಲಿ ನಡೆದ ಸಂಗತಿಯೊಂದನ್ನು ತಮ್ಮನವರ ಮುಂದಿಡಿರಿ, ಏಕೆಂದರೆ ಅದು ನಿಮ್ಮ ಮನೆಯ ಸಮಸ್ಯೆಯೇ ಆಗಿದೆ. ಲಂಡನ್ನಿನ ಮೆಥೋಡಿಸ್ಟ್ ಸಂಘದಲ್ಲಿದ್ದ ಜಾರ್ಜ್ ಬೆಲ್ ಎಂಬ ಸೈನಿಕನು 1763ರ ಫೆಬ್ರವರಿ 28ರಂದು ಲೋಕವು ಮುಗಿಯುವುದೆಂದು ಪ್ರವಾದಿಸಿದನು. ಅವನ ಉತ್ಸಾಹವನ್ನು ಮೊದಮೊದಲು ತಾಳ್ಮೆಯಿಂದ ಸಹಿಸಿಕೊಂಡಿದ್ದ ವೆಸ್ಲಿ, ಪ್ರವಾದನೆಯು ಜನರಲ್ಲಿ ದಿಗಿಲು ಹುಟ್ಟಿಸಿದಾಗ ಬಹಿರಂಗವಾಗಿಯೇ ಅದನ್ನು ಅಲ್ಲಗಳೆದನು. ಆ ದಿನದ ಸಂಜೆ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಅವನು ಆಮೋಸನ ಗ್ರಂಥದಿಂದ, ನಿನ್ನ ದೇವರನ್ನು ಎದುರುಗೊಳ್ಳಲು ಸಿದ್ಧನಾಗು ಎಂಬ ವಾಕ್ಯವನ್ನೇ ಆರಿಸಿಕೊಂಡು ಪ್ರಸಂಗಿಸಿ, ಲೋಕವು ಆ ರಾತ್ರಿ ಮುಗಿಯುವುದೆಂಬ ಕಲ್ಪನೆ ಎಷ್ಟು ಅಸಂಬದ್ಧವೆಂದು ವಿವರಿಸಿದನು. ಆದರೂ ಅನೇಕರು ಮಲಗಲು ಹೆದರಿದರು. ಲೋಕವು ಮುಗಿಯದಿದ್ದರೂ ಲಂಡನ್ ಪಟ್ಟಣವಾದರೂ ಭೂಕಂಪದಲ್ಲಿ ನುಂಗಲ್ಪಡುವುದೆಂದು ಕೆಲವರು ಬಯಲುಗಳಲ್ಲಿ ಅಲೆದಾಡಿದರು. ತಾನು ಮಾತ್ರ ಎಂದಿನ ವೇಳೆಗೆ ಮಲಗಿ ಸುಮಾರು ಹತ್ತು ಗಂಟೆಗೆ ಗಾಢ ನಿದ್ರೆಯಲ್ಲಿದ್ದೆನೆಂದು ವೆಸ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಆ ವಾಕ್ಯದ ಆಯ್ಕೆಯನ್ನು ಗಮನಿಸಿರಿ. ದಿನಾಂಕವನ್ನು ತಳ್ಳಿಹಾಕಿದ ವೆಸ್ಲಿ ಸಿದ್ಧತೆಯನ್ನು ತಳ್ಳಿಹಾಕಲಿಲ್ಲ. ದೇವರನ್ನು ಎದುರುಗೊಳ್ಳಲು ಸಿದ್ಧನಾದವನೇ ಭಯವಿಲ್ಲದೆ ಮಲಗಬಲ್ಲನು, ಬೆಳಗ್ಗೆ ಎದ್ದು ತನ್ನ ಕೆಲಸಕ್ಕೆ ಹೋಗಬಲ್ಲನು ಎಂಬುದನ್ನು ಅವನು ಬಾಯಿಂದಲೂ ನಡೆಯಿಂದಲೂ ತೋರಿಸಿದನು.

ಇಂತಹ ದಿನಾಂಕಗಳು ಅಲ್ಲಿಗೆ ನಿಲ್ಲಲಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಪ್ರಸಂಗಿಯ ದಾನಿಯೇಲನ ಲೆಕ್ಕವನ್ನು ನಂಬಿದ ಸಾವಿರಾರು ಜನರು 1844ರ ಅಕ್ಟೋಬರ್ 22ರಂದು ಕಾದು ಕುಳಿತರು; ಕೆಲವರು ಬೆಳೆಯನ್ನು ತೆಗೆಯದೆ ಹೊಲದಲ್ಲಿಯೇ ಬಿಟ್ಟಿದ್ದರು. ಆ ರಾತ್ರಿ ಕಳೆದ ಮೇಲಿನ ಅವರ ದುಃಖವನ್ನು ಚರಿತ್ರೆಯು ಮಹಾ ನಿರಾಶೆ ಎಂದೇ ಕರೆಯುತ್ತದೆ. 1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪನೆಯಾದದ್ದಕ್ಕೆ ಒಂದು ತಲೆಮಾರಿನ ನಲವತ್ತು ವರ್ಷ ಕೂಡಿಸಿ 1988 ಎಂದವರಿದ್ದರು. ರೇಡಿಯೋ ಪ್ರಸಂಗಿ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದು ಹೇಳಿ, ಅದು ತಪ್ಪಿದಾಗ ಅದೇ ವರ್ಷದ ಅಕ್ಟೋಬರ್ 21 ಎಂದರು. ಅದೂ ಕಳೆದುಹೋಯಿತು. ಪ್ರವಾದಿಯು ಕರ್ತನ ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಆ ಮಾತು ಕರ್ತನದಲ್ಲ, ಅವನಿಗೆ ಹೆದರಬೇಡಿರಿ ಎಂಬ ಧರ್ಮೋಪದೇಶಕಾಂಡ 18ರ ಮಾತು ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಸಭೆಗಳ ಬೋಧನೆಗೆ ಬರೋಣ. ಕ್ರಿಸ್ತನು ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಮಹಿಮೆಯಿಂದ ಮತ್ತೆ ಬರುವನು, ಆತನ ರಾಜ್ಯಕ್ಕೆ ಅಂತ್ಯವಿಲ್ಲ ಎಂಬ ನಿಕೇಯದ ವಿಶ್ವಾಸಪ್ರಮಾಣದ ಮಾತಿನಲ್ಲಿ ಎಲ್ಲ ಸಭೆಗಳೂ ಒಂದೇ. ಭಿನ್ನತೆ ಮುಖ್ಯವಾಗಿ ಪ್ರಕಟನೆ 20ರಲ್ಲಿ ಬರುವ ಸಾವಿರ ವರ್ಷಗಳ ಆಳ್ವಿಕೆಯ ಬಗ್ಗೆ. ಎರಡನೆಯ ಶತಮಾನದ ಜಸ್ಟಿನ್ ಮತ್ತು ಐರೇನಿಯಸ್ ಅದನ್ನು ಕ್ರಿಸ್ತನ ಬರೋಣದ ನಂತರ ಭೂಮಿಯ ಮೇಲೆ ನಡೆಯುವ ಆಳ್ವಿಕೆಯೆಂದು ತಿಳಿದರು. ಐದನೆಯ ಶತಮಾನದಲ್ಲಿ ಅಗಸ್ಟೀನನು ಅದನ್ನು ಈಗ ನಡೆಯುತ್ತಿರುವ ಸಭೆಯ ಕಾಲದ ಸಾಂಕೇತಿಕ ಚಿತ್ರವೆಂದು ವಿವರಿಸಿದನು. ಪಾಶ್ಚಾತ್ಯ ಸಭೆಯ ಬಹುಭಾಗವು ಇದನ್ನೇ ಹಿಡಿಯಿತು, ಕಥೋಲಿಕ ಸಭೆಯು ಇತಿಹಾಸದೊಳಗೆ ನಡೆಯುವ ಸಾವಿರ ವರ್ಷದ ರಾಜ್ಯದ ಬೋಧನೆಯನ್ನು ಇಂದಿಗೂ ಒಪ್ಪುವುದಿಲ್ಲ. ಸುವಾರ್ತೆಯು ಲೋಕವನ್ನು ತುಂಬಿದ ಮೇಲೆ ಕರ್ತನು ಬರುವನೆಂಬ ಮೂರನೆಯ ಅಭಿಪ್ರಾಯವೂ ಉಂಟು. ಮೆಥೋಡಿಸ್ಟರ 25 ಧರ್ಮಸೂತ್ರಗಳಲ್ಲಿ ಮೂರನೆಯದು, ಕ್ರಿಸ್ತನು ಕಡೆಯ ದಿನದಲ್ಲಿ ಎಲ್ಲರಿಗೂ ನ್ಯಾಯತೀರಿಸಲು ಹಿಂದಿರುಗುವನೆಂದು ಹೇಳಿ ಅಲ್ಲಿಗೆ ನಿಲ್ಲುತ್ತದೆ. ಆ ಮೌನವನ್ನು ನಾನು ಬಹಳ ಗೌರವಿಸುತ್ತೇನೆ.

ನಿಮ್ಮ ತಮ್ಮನವರು ಕೇಳುತ್ತಿರುವ ಕ್ರಮ, ಅಂದರೆ ಮೊದಲು ವಿಶ್ವಾಸಿಗಳು ಗುಪ್ತವಾಗಿ ಎತ್ತಲ್ಪಡುವುದು, ಆಮೇಲೆ ಏಳು ವರ್ಷಗಳ ಮಹಾಸಂಕಟ, ಅನಂತರ ಬಹಿರಂಗ ಬರೋಣ ಎಂಬುದು, 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿಯ ಬೋಧನೆಯ ಮೂಲಕ ರೂಪುಗೊಂಡು, 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲಿನಿಂದ ಲೋಕದಾದ್ಯಂತ ಹರಡಿತು. ಬ್ರದರನ್ ಸಭೆಗಳಲ್ಲಿಯೂ ಅನೇಕ ಪೆಂತೆಕೋಸ್ತ ಸಭೆಗಳಲ್ಲಿಯೂ ಭಕ್ತಿವಂತರಾದ ಸಹೋದರರು ಇದನ್ನು ಮನಃಪೂರ್ವಕವಾಗಿ ನಂಬುತ್ತಾರೆ, ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವರಲ್ಲಿ ವಿವೇಕಿಗಳಾದವರು ದಿನಾಂಕ ಗೊತ್ತುಮಾಡುವುದನ್ನು ನಮ್ಮಷ್ಟೇ ಬಲವಾಗಿ ಖಂಡಿಸುತ್ತಾರೆ. ಆದರೆ ಇದೊಂದೇ ಕ್ರೈಸ್ತ ಬೋಧನೆ, ಇದನ್ನು ಒಪ್ಪದವನು ಅವಿಶ್ವಾಸಿ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿರಿ.

ಮೃಗದ ಗುರುತಿನ ವಿಷಯ. ಪ್ರಕಟನೆಯು ಮೊದಲು ಬರೆಯಲ್ಪಟ್ಟದ್ದು ಇಂದಿನ ಟರ್ಕಿಯ ಪಶ್ಚಿಮ ಭಾಗವಾದ ಆಸ್ಯ ಸೀಮೆಯ ಏಳು ಸಭೆಗಳಿಗೆ. ಆ ಪಟ್ಟಣಗಳಲ್ಲಿ ರೋಮ್ ಚಕ್ರವರ್ತಿಗೆ ದೇವಾಲಯಗಳಿದ್ದವು, ಅವನನ್ನು ಪೂಜಿಸುವುದು ನಾಗರಿಕನ ನಿಷ್ಠೆಯ ಗುರುತಾಗಿತ್ತು. ಕೆಲವು ವರ್ಷಗಳ ನಂತರ, ಸುಮಾರು ಕ್ರಿ.ಶ. 112ರಲ್ಲಿ, ಅದೇ ನಾಡಿನ ಉತ್ತರದ ಪ್ರಾಂತ್ಯದ ಅಧಿಪತಿಯಾದ ಪ್ಲಿನಿಯು, ಕ್ರೈಸ್ತರೆಂದು ಹಿಡಿದು ತಂದವರು ಚಕ್ರವರ್ತಿಯ ವಿಗ್ರಹಕ್ಕೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಬಿಟ್ಟುಬಿಡುತ್ತಿದ್ದೆನೆಂದು ಟ್ರಾಜನ್ ಚಕ್ರವರ್ತಿಗೆ ಬರೆದನು. ಮೃಗದ ಸಂಖ್ಯೆಯಾಗಿ ಅಲ್ಲಿ ಬರುವ 666 ಎಂಬುದು ಇಬ್ರಿಯ ಅಕ್ಷರಗಳಲ್ಲಿ ನೀರೋ ಚಕ್ರವರ್ತಿಯ ಹೆಸರಿನ ಮೊತ್ತವೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ. ಹೇಗೇ ಇರಲಿ, 13 ಮತ್ತು 14ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ ಗುರುತು ಎಲ್ಲೆಲ್ಲಿಯೂ ಮೃಗವನ್ನು ಪೂಜಿಸುವುದರೊಂದಿಗೆ ಸೇರಿಯೇ ಬರುತ್ತದೆ. ಕುರಿಮರಿಯನ್ನು, ಅಂದರೆ ಕ್ರಿಸ್ತನನ್ನು, ಹಿಂಬಾಲಿಸುವವರ ಹಣೆಯ ಮೇಲೆಯೂ ತಂದೆಯ ಹೆಸರು ಬರೆದಿದೆ, ಅದನ್ನು ಯಾರೂ ಕಣ್ಣಿಗೆ ಕಾಣುವ ಮುದ್ರೆಯೆಂದು ಹುಡುಕುವುದಿಲ್ಲ. ಪಡಿತರದ ಅಂಗಡಿಯಲ್ಲಿ ಬೆರಳೊತ್ತಿ ಜೋಳ, ಅಕ್ಕಿ ತರುವ ನಿಮ್ಮ ತಾಯಿ ಯಾರನ್ನೂ ಪೂಜಿಸುತ್ತಿಲ್ಲ. ಆಧಾರ್ ಕುರಿತು ನಾಗರಿಕರಾಗಿ ಕೇಳಬೇಕಾದ ಪ್ರಶ್ನೆಗಳಿರಬಹುದು, ಆದರೆ ಅದು ರಕ್ಷಣೆಯನ್ನು ಕಳೆಯುವ ಗುರುತಲ್ಲ. ಆ ಪುಸ್ತಕವು ನಮ್ಮನ್ನು ಕೇಳುವ ಪ್ರಶ್ನೆ ಇದಕ್ಕಿಂತ ಕಠಿಣ: ಹೊಟ್ಟೆಪಾಡಿಗಾಗಿ, ಮಾರುವ ಕೊಳ್ಳುವ ಅನುಕೂಲಕ್ಕಾಗಿ ನಾವು ಯಾರಿಗೆ ತಲೆಬಾಗುತ್ತೇವೆ, ಯಾವ ಸುಳ್ಳಿಗೆ ಒಪ್ಪಿಗೆ ಕೊಡುತ್ತೇವೆ?

ಇನ್ನು ಬದುಕುವುದು ಹೇಗೆ ಎಂಬುದು. ಥೆಸಲೋನಿಕದ ಸಭೆಯಲ್ಲಿ ನಿಮ್ಮ ತಮ್ಮನವರಂಥವರು ಇದ್ದರು. ಕರ್ತನ ದಿನವು ಬಂದೇಬಿಟ್ಟಿತೆಂಬ ಮಾತಿಗೆ ಕೆಲವರು ಮನಸ್ಸು ಕದಲಿದ್ದರು, ಕೆಲವರು ಕೆಲಸ ಬಿಟ್ಟು ಪರರ ಉಸಾಬರಿ ಮಾಡುತ್ತಾ ತಿರುಗುತ್ತಿದ್ದರು. ಆ ಸಭೆಗೆ ಬರೆದ ಎರಡನೆಯ ಪತ್ರಿಕೆಯು ಮೊದಲು ಆ ವದಂತಿಯನ್ನು ಅಲ್ಲಗಳೆದು, ಕಡೆಗೆ ಸುಮ್ಮನೆ ತಮ್ಮ ಕೆಲಸವನ್ನು ಮಾಡಿ ತಮ್ಮ ಸ್ವಂತ ಅನ್ನವನ್ನು ಉಣ್ಣಬೇಕೆಂದು ಕರ್ತನ ಹೆಸರಿನಲ್ಲಿಯೇ ಆಜ್ಞಾಪಿಸುತ್ತದೆ. ಪೇತ್ರನು ತನ್ನ ಮೊದಲ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಎಲ್ಲವುಗಳ ಅಂತ್ಯವು ಹತ್ತಿರವಾಗಿದೆ ಎಂದು ಬರೆದು, ಆ ಕಾರಣದಿಂದ ಮಾಡಬೇಕಾದದ್ದನ್ನು ಹೇಳುತ್ತಾನೆ: ಸ್ವಸ್ಥಚಿತ್ತರಾಗಿ ಪ್ರಾರ್ಥಿಸಬೇಕು, ಒಬ್ಬರನ್ನೊಬ್ಬರು ಯಥಾರ್ಥವಾಗಿ ಪ್ರೀತಿಸಬೇಕು, ಗೊಣಗದೆ ಅತಿಥಿಗಳನ್ನು ಸತ್ಕರಿಸಬೇಕು, ಪಡೆದ ವರದಿಂದ ಸೇವೆ ಮಾಡಬೇಕು. ಯಾಕೋಬನಂತೂ ಕರ್ತನ ಬರೋಣಕ್ಕಾಗಿ ಕಾಯುವವನಿಗೆ ರೈತನನ್ನೇ ಮಾದರಿಯಾಗಿ ತೋರಿಸುತ್ತಾನೆ. ಅವನ ನಾಡಿನಲ್ಲಿ ಬಿತ್ತನೆಯ ಮಳೆ ಅಕ್ಟೋಬರ್, ನವೆಂಬರಿನಲ್ಲಿ ಸುರಿದರೆ ಕಾಳು ತುಂಬಿಸುವ ಕಡೆಯ ಮಳೆ ಮಾರ್ಚ್, ಏಪ್ರಿಲಿನಲ್ಲಿ ಬರುತ್ತಿತ್ತು. ನಮ್ಮ ಕರಿಮಣ್ಣಿನಲ್ಲಿ ಜೂನ್, ಜುಲೈಯಲ್ಲಿ ಬಿತ್ತಿದ ತೊಗರಿಯು ಡಿಸೆಂಬರ್, ಜನವರಿಯವರೆಗೆ ಕಾಯಿಸುತ್ತದೆ. ಮಳೆ ಯಾವ ದಿನ ಬರುವುದೆಂದು ಬಲ್ಲ ರೈತನಿಲ್ಲ, ಆದರೆ ಆ ಕಾರಣಕ್ಕಾಗಿ ಬಿತ್ತದೆ ಕುಳಿತವನನ್ನು ಯಾರೂ ತಾಳ್ಮೆಯುಳ್ಳವನೆಂದು ಕರೆಯುವುದಿಲ್ಲ.

ಅಂತ್ಯವು ಹತ್ತಿರವೆಂದು ನಂಬುವುದು ಕೈಗಳನ್ನು ಕಟ್ಟಿಹಾಕಲೇಬೇಕೆಂದಿಲ್ಲ ಎಂಬುದಕ್ಕೆ ಕಾರ್ಥೇಜಿನ ಬಿಷಪ್ ಸಿಪ್ರಿಯಾನನಿಗಿಂತ ಉತ್ತಮ ಸಾಕ್ಷಿಯನ್ನು ನಾನು ಕಾಣೆ. ಕ್ರಿ.ಶ. 250ರಲ್ಲಿ ಕ್ರೈಸ್ತರ ಮೇಲೆ ನಡೆದ ಹಿಂಸೆಯ ಬೆನ್ನಿಗೇ ಭೀಕರ ಸಾಂಕ್ರಾಮಿಕವು ಉತ್ತರ ಆಫ್ರಿಕವನ್ನು ಆವರಿಸಿತು. ಲೋಕವು ಮುದಿಯಾಗಿದೆ, ಅದರ ಕೊನೆ ಸಮೀಪಿಸಿದೆ ಎಂದು ಸಿಪ್ರಿಯಾನನು ತನ್ನ ಜನರಿಗೆ ಬರೆದನು. ಆದರೆ ಅದೇ ಬಿಷಪ್, ಜನರು ಹೆಣಗಳನ್ನು ಬೀದಿಯಲ್ಲಿ ಬಿಟ್ಟು ಓಡುತ್ತಿದ್ದಾಗ ಕ್ರೈಸ್ತರನ್ನು ಕೂಡಿಸಿ, ಹಣವಿದ್ದವರು ಹಣದಿಂದ, ಇಲ್ಲದವರು ಮೈಮುರಿದು ದುಡಿದು ರೋಗಿಗಳನ್ನು ನೋಡಿಕೊಳ್ಳಬೇಕೆಂದೂ, ಆ ಸೇವೆ ವಿಶ್ವಾಸಿಗಳಿಗೆ ಮಾತ್ರವಲ್ಲ, ಇತರರಿಗೂ ಸಲ್ಲಬೇಕೆಂದೂ ಏರ್ಪಾಡು ಮಾಡಿದನು. 258ರಲ್ಲಿ ಅವನು ರಕ್ತಸಾಕ್ಷಿಯಾದನು. ಅವನ ಕಾಲದ ಲೆಕ್ಕಕ್ಕೆ ಅಂತ್ಯವು ಬರಲಿಲ್ಲ, ಆದರೆ ಅವನು ಮಾಡಿಸಿದ ಶುಶ್ರೂಷೆಯು ವ್ಯರ್ಥವಾಗಲಿಲ್ಲ. ನಿಮ್ಮ ತಮ್ಮನ ಮಗಳು ಕಲಿಯುತ್ತಿರುವುದು ಇದೇ ಕೆಲಸವನ್ನು. ಮತ್ತಾಯ 25ರಲ್ಲಿ ಸಿಂಹಾಸನದ ಮೇಲೆ ಕುಳಿತ ಅರಸನು ತನ್ನ ಬಲಗಡೆಯವರಿಗೆ ರೋಗದಲ್ಲಿ ಬಿದ್ದಿದ್ದೆನು, ನನ್ನನ್ನು ಆರೈಕೆಮಾಡಿದಿರಿ ಎನ್ನುವಾಗ, ಅಂತ್ಯಕಾಲದ ಕಾರಣಕ್ಕೆ ಆಕೆಯ ಓದನ್ನು ನಿಲ್ಲಿಸುವುದಕ್ಕೆ ಯಾವ ಸಮರ್ಥನೆಯಿದೆ?

ಜಮೀನಿನ ಬಗ್ಗೆ ತಮ್ಮನವರು ಅಪೊಸ್ತಲರ ಕೃತ್ಯಗಳ 2 ಮತ್ತು 4ನೆಯ ಅಧ್ಯಾಯಗಳನ್ನು ಎತ್ತಬಹುದು. ಅಲ್ಲಿ ವಿಶ್ವಾಸಿಗಳು ಹೊಲಮನೆಗಳನ್ನು ಮಾರಿದರು, ನಿಜ. ಅವರು ಮಾರಿದ್ದು ಸಭೆಯಲ್ಲಿ ಕೊರತೆಯುಳ್ಳವರು ಇದ್ದುದರಿಂದ, ಹಣವು ಹೋದದ್ದು ಆ ಬಡವರಿಗೆ, ಮತ್ತು ಮಾರಲೇಬೇಕೆಂಬ ಒತ್ತಾಯ ಯಾರ ಮೇಲೂ ಇರಲಿಲ್ಲವೆಂದು ಪೇತ್ರನು, ಹೊಲ ಮಾರಿ ಹಣದಲ್ಲಿ ಸ್ವಲ್ಪವನ್ನು ಬಚ್ಚಿಟ್ಟ ಅನನೀಯನಿಗೆ ಹೇಳಿದ ಮಾತಿನಿಂದ ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ಕೊರತೆಗೆ ಬೀಳುವವರು ಯಾರೆಂದರೆ ಮಾರುವವನ ತಾಯಿ ಮತ್ತು ಮಕ್ಕಳೇ. ಮಾರ್ಕ 7ರಲ್ಲಿ ಯೇಸು ಇಂಥದನ್ನೇ ತಡೆಯುತ್ತಾನೆ: ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಕೊಟ್ಟಿದ್ದೇನೆ ಎಂದು ಹೇಳಿ ಅವರನ್ನು ಬರಿಗೈಯಲ್ಲಿ ಬಿಡುವವನು ದೇವರ ವಾಕ್ಯವನ್ನು ನಿರರ್ಥಕ ಮಾಡುತ್ತಾನೆ. ಬರೋಣ ಇಷ್ಟು ಹತ್ತಿರವೆಂದು ಸಾರುವ ಪ್ರಸಂಗಿಗೆ ನಿಮ್ಮ ತಾಯಿಯ ಹೊಲದ ಹಣವು ಯಾತಕ್ಕೆ ಬೇಕೆಂದು ತಮ್ಮನವರು ವಿನಯದಿಂದಲೇ ಕೇಳಲಿ. ಈ ಮಾತುಕತೆಯನ್ನು ನೀವೊಬ್ಬರೇ ನಡೆಸಬೇಡಿರಿ, ವಾದಕ್ಕೂ ಇಳಿಯಬೇಡಿರಿ. ತಾಯಿಯನ್ನೂ ನಿಮ್ಮ ಸಭಾಪಾಲಕರನ್ನೂ ಕೂರಿಸಿಕೊಂಡು ಥೆಸಲೋನಿಕದವರಿಗೆ ಬರೆದ ಎರಡು ಪತ್ರಿಕೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿರಿ. ಒಂದು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕವು. ತಮ್ಮನವರ ಅವಸರದ ಹಿಂದೆ ಸಾಲವೋ, ಬೆಳೆನಷ್ಟವೋ, ಹೇಳಿಕೊಳ್ಳಲಾಗದ ದುಃಖವೋ ಇರಬಹುದು. ಅಂಥವನಿಗೆ ಲೋಕವು ಬೇಗ ಮುಗಿಯಲಿ ಎನ್ನಿಸುವುದು ಸಹಜ, ಅದನ್ನು ಕೇಳಿಸಿಕೊಳ್ಳುವವರು ಬೇಕು.

ಮಗುವಿನ ಭಯವನ್ನು ಕಡೆಗೆ ಇಟ್ಟುಕೊಂಡೆನಾದರೂ ಅದೇ ಎಲ್ಲಕ್ಕಿಂತ ತುರ್ತಿನದು. ಎತ್ತಲ್ಪಡುವಿಕೆಗೆ ಆಧಾರವೆಂದು ತೋರಿಸುವ 1 ಥೆಸಲೋನಿಕ 4ನೆಯ ಅಧ್ಯಾಯವನ್ನು ಪೌಲನು ಬರೆದದ್ದು ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದವರ ಸಾಂತ್ವನಕ್ಕೆ. ಸತ್ತವರು ಹಿಂದುಳಿಯುವುದಿಲ್ಲ, ಎಲ್ಲರೂ ಒಟ್ಟಾಗಿ ಸದಾಕಾಲವೂ ಕರ್ತನ ಜೊತೆಯಲ್ಲಿರುವೆವು ಎಂಬುದು ಅದರ ತಿರುಳು. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂಬುದು ಅದರ ಕೊನೆಯ ವಾಕ್ಯ. ಆ ಭಾಗವನ್ನು ಕೇಳಿದ ಹುಡುಗನಿಗೆ ನಿದ್ರೆ ಬಾರದಿದ್ದರೆ, ಅದನ್ನು ಅವನಿಗೆ ಹೇಳಿಕೊಟ್ಟ ರೀತಿಯಲ್ಲಿಯೇ ದೋಷವಿದೆ. ಆ ವಿಡಿಯೊಗಳನ್ನು ಅವನ ಮುಂದೆ ಹಚ್ಚಬಾರದೆಂದು ತಮ್ಮನವರಿಗೆ ಖಂಡಿತವಾಗಿ ಹೇಳಿರಿ, ಇದರಲ್ಲಿ ಸಂಕೋಚ ಬೇಡ. ಚಿಕ್ಕ ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸು ಸಿಟ್ಟುಗೊಂಡು, ಅವರನ್ನು ಅಪ್ಪಿಕೊಂಡು ಆಶೀರ್ವದಿಸಿದ್ದನ್ನು ಮಾರ್ಕ 10ರಿಂದ ಅವನಿಗೆ ಓದಿ ಹೇಳಿರಿ. ಬರುವವನು ಆತನೇ ಎಂದೂ, ಆತನು ಮಕ್ಕಳನ್ನು ಬಿಟ್ಟುಹೋಗುವವನಲ್ಲ ಎಂದೂ ಅವನ ತಂದೆಯ ಬಾಯಿಂದಲೇ ಅವನಿಗೆ ಕೇಳಿಸಬೇಕು. ಇನ್ನು ಕೆಲವು ವಾರಗಳಲ್ಲಿ ಅವನ ರಾತ್ರಿಯ ಅಳು ನಿಲ್ಲದಿದ್ದರೆ ಬೀದರ್ ಅಥವಾ ಕಲಬುರಗಿಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿರಿ.